ಹದಿನೇಳು ಕೆಂಪು ಸಾಲುಗಳು: ಒಬ್ಬ ಹುಡುಗನ ಅಲರ್ಜಿ ರಿಪೋರ್ಟ್

ನಾನು ಮಂಗಳೂರಿನ ಒಂದು ಲ್ಯಾಬ್‌ನಲ್ಲಿ ಹದಿನಾಲ್ಕು ವರ್ಷದಿಂದ ಟೆಕ್ನೀಷಿಯನ್. ರಕ್ತ ತೆಗೆಯುವುದು, ಸೀರಮ್ ಬೇರೆ ಮಾಡುವುದು, ಯಂತ್ರಕ್ಕೆ ಹಾಕುವುದು, ಬಂದ ಅಂಕಿ ಸರಿ ಇದೆಯಾ ಎಂದು ನೋಡಿ ಮುಂದೆ ಕಳಿಸುವುದು ನನ್ನ ಕೆಲಸ. ಅಲರ್ಜಿ ರಿಪೋರ್ಟ್‌ಗಳನ್ನು ಲೆಕ್ಕವಿಲ್ಲದಷ್ಟು ಕಳಿಸಿದ್ದೇನೆ. ಅಂಥ ಒಂದು ರಿಪೋರ್ಟ್ ನನ್ನ ತಂಗಿಯ ಅಡುಗೆಮನೆಗೆ ಬಂದಾಗಲೇ ಗೊತ್ತಾಗಿದ್ದು, ನನಗೆ ಅಳೆಯಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ ಅಂತ. ಆ ಪ್ರಕರಣವನ್ನು ಮೊದಲಿಂದ ಬರೆಯುತ್ತಿದ್ದೇನೆ. ತಂಗಿ, ಭಾವ ಇಬ್ಬರೂ ಒಪ್ಪಿದ್ದಾರೆ. ಹೆಸರು ಮಾತ್ರ ಬೇಡ ಎಂದರು. ಹುಡುಗನನ್ನು ಮನೆಯಲ್ಲಿ ಕರೆಯುವ ಹಾಗೆ ಪುಟ್ಟ ಎಂದೇ ಬರೆಯುತ್ತೇನೆ.

ಆಗ ಪುಟ್ಟನಿಗೆ ಏಳು ವರ್ಷ. ಮನೆ ಉರ್ವ ಮಾರ್ಕೆಟ್ ಹತ್ತಿರ. ಚಿಕ್ಕಂದಿನಿಂದ ಮೊಣಕೈ, ಮೊಣಕಾಲಿನ ಮಡಿಕೆಯಲ್ಲಿ ತುರಿಕೆ, ಒಣ ಚರ್ಮ. ಡಾಕ್ಟರು ಅದಕ್ಕೆ ಎಕ್ಸಿಮಾ ಎಂದಿದ್ದರು. ಬೆಳಿಗ್ಗೆ ಎದ್ದ ಕೂಡಲೇ ಏಳೆಂಟು ಸೀನು. ಅದು ಬಿಟ್ಟರೆ ಚುರುಕಿನ ಹುಡುಗ. ಮೀನಿಲ್ಲದ ದಿನ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ ಎನ್ನುವವನು.

ಡಿಸೆಂಬರ್‌ನಲ್ಲಿ ಭಾವನ ಅಣ್ಣನ ಮನೆ ಒಕ್ಕಲು, ಸುರತ್ಕಲ್ ಕಡೆ. ಪೂಜೆಯ ದಿನ ಸಸ್ಯಾಹಾರ. ಮರುದಿನ ಮನೆಯವರಿಗೆ ಮಾತ್ರ ಮೀನಿನ ಊಟ, ನಮ್ಮ ಕಡೆ ಮಾಡುವ ಹಾಗೆ. ನೀರ್ ದೋಸೆ, ಸಿಗಡಿ ಸುಕ್ಕ, ಬಂಗುಡೆ ಪುಳಿಮುಂಚಿ, ಚಿಕನ್ ಕುರ್ಮಾ, ಕೊನೆಗೆ ಐಸ್‌ಕ್ರೀಮ್. ಪುಟ್ಟ ಎಲ್ಲವನ್ನೂ ತಿಂದ. ಊಟ ಮುಗಿದು ಇಪ್ಪತ್ತು ನಿಮಿಷ ಆಗಿರಬಹುದು, ತುಟಿ ದಪ್ಪಗಾಯಿತು. ಹೊಟ್ಟೆ, ಬೆನ್ನಿನ ಮೇಲೆ ದದ್ದು ಎದ್ದಿತು. ಒಂದೇ ಸಮನೆ ಕೆಮ್ಮು. ಒಮ್ಮೆ ವಾಂತಿ. ಹತ್ತಿರದ ಒಂದು ಆಸ್ಪತ್ರೆಗೆ ಓಡಿದರು. ಅಲ್ಲಿ ಅವಿಲ್ ಇಂಜೆಕ್ಷನ್, ಸ್ಟಿರಾಯ್ಡ್ ಕೊಟ್ಟು ನಾಲ್ಕು ಗಂಟೆ ಇಟ್ಟುಕೊಂಡು ಕಳಿಸಿದರು.

ಇಲ್ಲಿ ಒಂದು ಮಾತು ಹೇಳಿಯೇ ಮುಂದೆ ಹೋಗುತ್ತೇನೆ. ದದ್ದಿನ ಜೊತೆ ಕೆಮ್ಮು, ವಾಂತಿ ಎರಡೂ ಸೇರಿದರೆ ಅದು ಬರೀ ಚರ್ಮದ ಅಲರ್ಜಿ ಅಲ್ಲ, ಅನಾಫಿಲಾಕ್ಸಿಸ್, ಅಂದರೆ ಇಡೀ ಮೈಗೆ ಹರಡಿ ಪ್ರಾಣಕ್ಕೆ ಬರಬಹುದಾದ ಅಲರ್ಜಿ. ಅದಕ್ಕೆ ಮೊದಲ ಮದ್ದು ಅಡ್ರಿನಲಿನ್. ತೊಡೆಯ ಹೊರಬದಿಯ ಸ್ನಾಯುವಿಗೆ, ಮಗುವಿನ ತೂಕದ ಕಿಲೋ ಒಂದಕ್ಕೆ 0.01 ಮಿಲಿಗ್ರಾಂ ಲೆಕ್ಕದಲ್ಲಿ ಕೊಡಬೇಕು. ಅವಿಲ್ ತುರಿಕೆ ಇಳಿಸುತ್ತದೆ, ಉಸಿರಾಟದ ದಾರಿ ಕಟ್ಟಿಕೊಳ್ಳುವುದನ್ನು ತಡೆಯುವುದಿಲ್ಲ. ಪುಟ್ಟನಿಗೆ ಆ ದಿನ ಅಡ್ರಿನಲಿನ್ ಸಿಗಲಿಲ್ಲ. ತಾನಾಗಿಯೇ ಇಳಿಯಿತು. ಈಗ ನೆನೆಸಿಕೊಂಡರೂ ನನಗೆ ಕೈ ತಣ್ಣಗಾಗುತ್ತದೆ.

ಮನೆಗೆ ಬಂದ ಮೇಲೆ ಚರ್ಚೆ ಶುರುವಾಯಿತು. ಎಲ್ಲರ ಬೆರಳು ಸಿಗಡಿ ಕಡೆಗೇ. ಪುಟ್ಟನ ಅಜ್ಜಿಗೆ ಮಾತ್ರ ಬಂಗುಡೆಯ ಮೇಲೆ ಸಂಶಯ. "ಬಂಗುಡೆ ಹಳತು ಇದ್ದಿರಬೇಕು. ಹಳತು ತಿಂದರೆ ಮೈ ಕೆಂಪಾಗ್ತದೆ" ಎಂದರು. ಅಜ್ಜಿಯ ಮಾತನ್ನು ಯಾರೂ ತೂಕಕ್ಕೆ ಹಾಕಲಿಲ್ಲ. ಆದರೆ ಅದು ಹಾರಿಸಿದ ಮಾತಲ್ಲ, ಅದರ ವಿಷಯ ಮುಂದೆ ಬರುತ್ತದೆ.

ತಂಗಿ ನನಗೆ ಫೋನ್ ಮಾಡಿದಳು. "ಅಕ್ಕ, ಎಂತ ಟೆಸ್ಟ್ ಮಾಡಿಸುವುದು?" ಅಂತ ಕೇಳಿದಳು. ನಾನು ಹೇಳಿದೆ, "ಒಂದೊಂದೇ ಮಾಡಿಸಿದರೆ ದುಡ್ಡು ಜಾಸ್ತಿ. ಪ್ಯಾನೆಲ್ ಉಂಟು, ಒಂದೇ ರಕ್ತದಲ್ಲಿ ನಲವತ್ತು ಐಟಂ ಬರ್ತದೆ." ಈ ಪ್ರಕರಣದ ಮೊದಲ ತಪ್ಪು ಅದು, ಮಾಡಿದ್ದು ನಾನು. ಆಮೇಲೆ ರಿಪೋರ್ಟನ್ನು ತಪ್ಪಾಗಿ ಓದಿದೆವು, ಅದು ನಿಜ. ಆದರೆ ಅದಕ್ಕಿಂತ ಮೊದಲು ತಪ್ಪಾಗಿ ಕೇಳಿದ್ದೆವು. ಮಗು ದಿನವೂ ತಿಂದು ಆರಾಮಾಗಿದ್ದ ಅಕ್ಕಿ, ಹಾಲು, ಬಾಳೆಹಣ್ಣಿನ ಬಗ್ಗೆ ರಕ್ತವನ್ನು ಯಾಕೆ ಕೇಳಬೇಕಿತ್ತು?

ರಿಪೋರ್ಟ್ ಬಂತು. ಒಟ್ಟು ಐಜಿಇ, ಅಂದರೆ ಅಲರ್ಜಿಗೆ ಸಂಬಂಧಪಟ್ಟ ಪ್ರತಿಕಾಯ, 1,280. ಆ ವಯಸ್ಸಿಗೆ ತುಂಬಾ ಜಾಸ್ತಿ. ನಲವತ್ತರಲ್ಲಿ ಹದಿನೇಳು ಸಾಲು ಕೆಂಪು. ಸಿಗಡಿ 4.2, ಮೂರನೇ ದರ್ಜೆ (ಅಂಕಿ ಏರಿದ ಹಾಗೆ ದರ್ಜೆ ಏರುತ್ತದೆ). ಏಡಿ 3.6, ಅದೂ ಮೂರು. ಗೇರುಬೀಜ 1.9, ಗೋಧಿ 1.1, ಶೇಂಗಾ 0.9, ಮೊಟ್ಟೆಯ ಬಿಳಿ 0.8, ಈ ನಾಲ್ಕೂ ಎರಡನೇ ದರ್ಜೆ. ಅಕ್ಕಿ 0.6, ತೆಂಗಿನಕಾಯಿ 0.5, ಹಾಲು 0.4. ಆಮೇಲೆ ಕಡಲೆ, ಸೋಯಾ, ಎಳ್ಳು, ಜೋಳ, ಟೊಮೆಟೊ, ಬಾಳೆಹಣ್ಣು, ಕ್ಯಾರೆಟ್, ಕಿತ್ತಳೆ, ಎಲ್ಲವೂ ಒಂದನೇ ದರ್ಜೆ. ಬಂಗುಡೆ ಮತ್ತು ಕೋಳಿ 0.1ಕ್ಕಿಂತ ಕಡಿಮೆ.

"ಅಕ್ಕಿ ಸಹ ಉಂಟಲ್ಲ ಅಕ್ಕ. ತೆಂಗಿನಕಾಯಿ ಸಹ. ಇನ್ನು ಇವನಿಗೆ ಎಂತ ಕೊಡುವುದು?"

ನನ್ನ ಹತ್ತಿರ ಉತ್ತರ ಇರಲಿಲ್ಲ. "ಸದ್ಯಕ್ಕೆ ಕೆಂಪು ಇರುವುದನ್ನೆಲ್ಲ ಬಿಡು" ಎಂದೆ. ಪ್ಯಾಕೇಜ್ ಜೊತೆ ಬಂದ ಹಾಳೆಯಲ್ಲೂ ಹಾಗೇ ಬರೆದಿತ್ತು.

ಮೂರು ತಿಂಗಳು

ತೆಂಗಿನಕಾಯಿ ಇಲ್ಲದ ಮಂಗಳೂರಿನ ಅಡುಗೆ ಹೇಗಿರುತ್ತದೆ ಎಂದು ಊಹಿಸಿ ನೋಡಿ. ಸಾರಿಗೆ, ಪಲ್ಯಕ್ಕೆ, ಚಟ್ನಿಗೆ, ಗಸಿಗೆ, ಸುಕ್ಕಕ್ಕೆ ಕಾಯಿ ಬೇಕು. ತಂಗಿ ಪುಟ್ಟನಿಗೆ ಬೇರೆ ಪಾತ್ರೆ ಇಟ್ಟಳು. ಅಕ್ಕಿಯನ್ನು ಮಾತ್ರ ಬಿಡಲಾಗಲಿಲ್ಲ. ಪ್ರತಿ ಸಲ ಕುಚ್ಚಲಕ್ಕಿ ಗಂಜಿ ಬಡಿಸುವಾಗ ಅವನ ತುಟಿಯನ್ನೇ ನೋಡುತ್ತಾ ಕೂರುತ್ತಿದ್ದಳಂತೆ. ಹಾಲಿಲ್ಲ, ಮೊಸರಿಲ್ಲ, ಮೊಟ್ಟೆಯಿಲ್ಲ, ಚಪಾತಿಯಿಲ್ಲ, ಬಿಸ್ಕತ್ ಇಲ್ಲ. ಸಂಜೆಯ ಗೋಳಿಬಜೆ, ಬನ್ಸ್ ಇಲ್ಲ. ಶಾಲೆಯಲ್ಲಿ ಯಾರದ್ದೋ ಹುಟ್ಟುಹಬ್ಬದ ಚಾಕಲೇಟನ್ನು ಕಿಸೆಯಲ್ಲಿ ಇಟ್ಟುಕೊಂಡು ಮನೆಗೆ ತಂದು, "ಇದು ನನ್ನ ರಕ್ತದಲ್ಲಿ ಉಂಟಾ?" ಎಂದು ಅಮ್ಮನನ್ನು ಕೇಳಿದ್ದ.

ಡಿಸೆಂಬರ್‌ನಲ್ಲಿ 21.4 ಕಿಲೋ ಇದ್ದವನು ಮಾರ್ಚ್ ಹೊತ್ತಿಗೆ 19.9ಕ್ಕೆ ಇಳಿದ. ಬೆಳೆಯುವ ವಯಸ್ಸಿನಲ್ಲಿ ಮೂರು ತಿಂಗಳಿಗೆ ಒಂದೂವರೆ ಕಿಲೋ ಕಡಿಮೆ ಆಗುವುದು ಸಣ್ಣ ವಿಷಯ ಅಲ್ಲ. ಎಕ್ಸಿಮಾ ಏನಾದರೂ ಕಮ್ಮಿಯಾಯಿತಾ? ಇಲ್ಲ. ಬೆಳಗಿನ ಸೀನು? ಅದೂ ಇಲ್ಲ. ಅಷ್ಟೆಲ್ಲ ಬಿಟ್ಟರೂ ಏನೂ ಬದಲಾಗಲಿಲ್ಲ ಎನ್ನುವುದೇ ಒಂದು ಸುಳಿವಾಗಿತ್ತು. ನಮಗೆ ಅದು ಕಾಣಲಿಲ್ಲ.

ಈ ನಡುವೆ ಭಾವನ ಗೆಳೆಯರೊಬ್ಬರು ಇನ್ನೊಂದು ಟೆಸ್ಟ್ ಹೇಳಿದರು. ಇನ್ನೂರು ಆಹಾರ, ಒಂದೇ ರಕ್ತ, "ಒಳಗಿನ ಅಲರ್ಜಿ ಎಲ್ಲ ಗೊತ್ತಾಗ್ತದೆ" ಎಂದರಂತೆ. ಅದು ಐಜಿಜಿ ಟೆಸ್ಟ್. ಐಜಿಜಿ ಎಂದರೆ ಐಜಿಇ ಅಲ್ಲ, ಬೇರೆ ಒಂದು ಪ್ರತಿಕಾಯ. ಆ ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ಬೇಡ ಎಂದೆ. ನಾವು ತಿನ್ನುವ ಆಹಾರಕ್ಕೆಲ್ಲ ಮೈ ಐಜಿಜಿ ಮಾಡುತ್ತದೆ. ಜಾಸ್ತಿ ತಿಂದದ್ದಕ್ಕೆ ಜಾಸ್ತಿ. ಅದು ತಿಂದ ಗುರುತು, ಅಲರ್ಜಿಯ ಗುರುತಲ್ಲ. ಯುರೋಪಿನ ಅಲರ್ಜಿ ತಜ್ಞರ ಅಕಾಡೆಮಿ 2008ರಲ್ಲೇ ಆಹಾರ ಅಲರ್ಜಿ ಪತ್ತೆಗೆ ಇದನ್ನು ಬಳಸಬೇಡಿ ಎಂದು ಹೇಳಿದೆ. ಆದರೂ ಈಗಲೂ ಮಾರಾಟ ಆಗುತ್ತಲೇ ಇದೆ.

ಪೆನ್ನು ಕೈಯಲ್ಲಿ ಹಿಡಿದ ಡಾಕ್ಟರು

ಮಾರ್ಚ್‌ನಲ್ಲಿ ಮಕ್ಕಳ ಅಲರ್ಜಿ ನೋಡುವ ಒಬ್ಬ ಡಾಕ್ಟರ ಹತ್ತಿರ ಹೋದೆವು. ನಾನು, ತಂಗಿ, ಪುಟ್ಟ. ಅಜ್ಜಿಯೂ ಹಟ ಮಾಡಿ ಬಂದರು. ಬಂದದ್ದು ಎಷ್ಟು ಒಳ್ಳೆಯದಾಯಿತು!

ತಂಗಿ ಫೈಲ್ ಮುಂದೆ ಇಟ್ಟಳು. ಡಾಕ್ಟರು ಅದನ್ನು ತೆರೆಯಲಿಲ್ಲ. "ಅಮ್ಮ, ರಿಪೋರ್ಟ್ ಆಮೇಲೆ ನೋಡುವ. ಮೊದಲು ಆ ದಿನ ಎಂತ ಆಯ್ತು ಹೇಳಿ." ಮುಕ್ಕಾಲು ಗಂಟೆ ಕೇಳಿದರು. ಯಾವುದನ್ನು ಮೊದಲು ತಿಂದ, ಎಷ್ಟು ತಿಂದ, ಎಷ್ಟು ನಿಮಿಷಕ್ಕೆ ಶುರುವಾಯಿತು, ಊಟದ ನಂತರ ಓಡಾಡಿದನಾ, ಜ್ವರ ಇತ್ತಾ, ನೋವಿನ ಮಾತ್ರೆ ತಿಂದಿದ್ದನಾ, ಅದೇ ಮೀನು ತಿಂದ ಬೇರೆಯವರಿಗೆ ಏನಾದರೂ ಆಯಿತಾ.

ಕೊನೆಯ ಪ್ರಶ್ನೆ ಅಜ್ಜಿಯ ಸಂಶಯಕ್ಕೆ ಸಂಬಂಧಪಟ್ಟದ್ದು. ಬಂಗುಡೆ, ಬೂತಾಯಿ, ಕೇದರ್‌ನಂಥ ಮೀನನ್ನು ಸಾಕಷ್ಟು ಐಸ್ ಇಲ್ಲದೆ ಇಟ್ಟರೆ, ಬ್ಯಾಕ್ಟೀರಿಯಾಗಳು ಅದರ ಮಾಂಸದಲ್ಲಿರುವ ಹಿಸ್ಟಿಡಿನ್ ಅನ್ನು ಹಿಸ್ಟಮಿನ್ ಮಾಡಿಬಿಡುತ್ತವೆ. ಅಲರ್ಜಿ ಆದಾಗ ನಮ್ಮ ಮೈ ಬಿಡುವ ರಾಸಾಯನಿಕವೂ ಇದೇ ಹಿಸ್ಟಮಿನ್. ಒಮ್ಮೆ ಆಯಿತೆಂದರೆ ಎಷ್ಟು ಕುದಿಸಿದರೂ ಹೋಗುವುದಿಲ್ಲ. ತಿಂದವರಿಗೆ ಮುಖ ಕೆಂಪಾಗುತ್ತದೆ, ತಲೆನೋವು, ದದ್ದು ಬರುತ್ತದೆ, ಥೇಟ್ ಅಲರ್ಜಿಯ ಹಾಗೆ. ಆದರೆ ಅದು ಅಲರ್ಜಿ ಅಲ್ಲ. ರಕ್ತದಲ್ಲಿ ಆ ಮೀನಿನ ಐಜಿಇ ಇರುವುದಿಲ್ಲ. ಧಕ್ಕೆಯ, ಅಂದರೆ ಮೀನುಗಾರಿಕೆ ಬಂದರಿನ, ಮೀನು ತಿನ್ನುವ ಊರಿನವರು ಇದನ್ನು ತಿಳಿದಿರಬೇಕು. ಒಮ್ಮೆ ಹಾಗಾಯಿತೆಂದು ಜೀವನಪೂರ್ತಿ ಬಂಗುಡೆ ಬಿಟ್ಟವರನ್ನು ನಾನು ನೋಡಿದ್ದೇನೆ. ಪುಟ್ಟನ ವಿಷಯದಲ್ಲಿ ಮಾತ್ರ ಅದು ಹೊಂದಲಿಲ್ಲ. ಒಂದೇ ಪಾತ್ರೆಯ ಪುಳಿಮುಂಚಿಯನ್ನು ಇಪ್ಪತ್ತೆರಡು ಜನ ತಿಂದಿದ್ದರು, ಆದದ್ದು ಅವನೊಬ್ಬನಿಗೆ. ಮನೆಯ ಪುಳಿಮುಂಚಿ ಅವನು ಡಿಸೆಂಬರ್ ನಂತರವೂ ಎಷ್ಟೋ ಸಲ ತಿಂದಿದ್ದ.

ಆಮೇಲೆ ರಿಪೋರ್ಟ್ ತೆರೆದರು. ಕೈಯಲ್ಲಿ ಪೆನ್ನು. "ಇದು ಬರುವ ಮೊದಲು ಇವನು ತಿಂದು ಸರಿ ಇದ್ದದ್ದು ಯಾವುದೆಲ್ಲ?" ತಂಗಿ ಒಂದೊಂದೇ ಹೇಳಿದಳು. ಹಾಲು ದಿನಾ ಎರಡು ಲೋಟ. ಮೊಟ್ಟೆ ವಾರಕ್ಕೆ ಮೂರು. ಚಪಾತಿ ಶಾಲೆಯ ಡಬ್ಬಿಗೆ. ಶೇಂಗಾ ಚಿಕ್ಕಿ ಅಜ್ಜಿ ತರುತ್ತಿದ್ದರು. ಎಳ್ಳುಂಡೆ, ಬಾಳೆಹಣ್ಣು, ಟೊಮೆಟೊ ಸಾರು. ಅವಳು ಹೇಳಿದ ಹಾಗೆ ಅವರು ಗೆರೆ ಎಳೆಯುತ್ತಾ ಹೋದರು. ಹತ್ತು ನಿಮಿಷದಲ್ಲಿ ಹದಿನಾಲ್ಕು ಸಾಲು ಹೋದವು. ಉಳಿದದ್ದು ಸಿಗಡಿ, ಏಡಿ, ಗೇರುಬೀಜ.

ತಂಗಿ ಅತ್ತಳು. ಮೂರು ತಿಂಗಳ ಹಸಿವನ್ನು ಒಂದು ಪೆನ್ನು ಹತ್ತು ನಿಮಿಷದಲ್ಲಿ ಹೊಡೆದುಹಾಕಿದರೆ ಯಾವ ತಾಯಿಗೆ ಅಳು ಬರುವುದಿಲ್ಲ?

ಯಂತ್ರಕ್ಕೆ ಏನು ಕಾಣುತ್ತದೆ

ನಾನು ದಿನವೂ ಮಾಡುವ ಕೆಲಸವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈ ರಿಪೋರ್ಟ್ ಹಿಡಿದುಕೊಂಡು ಕೂತಿರುವ ಇನ್ನೊಬ್ಬ ತಾಯಿಗೆ ಬೇಕಾಗಬಹುದು.

ಐಜಿಇ ನಮ್ಮ ರಕ್ತದಲ್ಲಿರುವ ಒಂದು ಪ್ರತಿಕಾಯ. 1960ರ ದಶಕದಲ್ಲಿ ಅಮೆರಿಕದಲ್ಲಿ ಜಪಾನಿನ ಇಶಿಜಾಕಾ ದಂಪತಿ, ಸ್ವೀಡನ್ನಿನಲ್ಲಿ ಯೊಹಾನ್ಸನ್ ಮತ್ತು ಬೆನ್ನಿಕ್ ಬೇರೆ ಬೇರೆಯಾಗಿ ಇದನ್ನು ಪತ್ತೆ ಮಾಡಿದರು. 1968ರಲ್ಲಿ ಐಜಿಇ ಎಂಬ ಹೆಸರು ಬಂತು. ಟೆಸ್ಟ್‌ನಲ್ಲಿ ನಾವು ಮಾಡುವುದು ಇಷ್ಟು: ಸಿಗಡಿಯ ಪ್ರೋಟೀನನ್ನು ಸ್ಪಂಜಿನಂಥ ಒಂದು ವಸ್ತುವಿಗೆ ಅಂಟಿಸಿ ಇಟ್ಟಿರುತ್ತಾರೆ. ಅದರ ಮೇಲೆ ಮಗುವಿನ ಸೀರಮ್ ಹಾಕುತ್ತೇವೆ. ಸಿಗಡಿಗೆ ಅಂಟುವ ಐಜಿಇ ಇದ್ದರೆ ಅಂಟಿಕೊಳ್ಳುತ್ತದೆ, ಉಳಿದದ್ದನ್ನು ತೊಳೆಯುತ್ತೇವೆ. ಅಂಟಿದ್ದು ಎಷ್ಟು ಎಂಬುದನ್ನು ಬೆಳಕಿನ ಲೆಕ್ಕದಲ್ಲಿ ಯಂತ್ರ ಅಳೆಯುತ್ತದೆ. ಅಳತೆ ಲೀಟರಿಗೆ ಇಷ್ಟು ಕಿಲೋಯೂನಿಟ್ ಎಂದು. ಅಷ್ಟೇ.

ಯಂತ್ರಕ್ಕೆ ಮಗು ಕಾಣುವುದಿಲ್ಲ. ಅಂಟಿದ ಐಜಿಇ ಮಗುವಿನ ಮೈಯೊಳಗಿನ ಮಾಸ್ಟ್ ಕೋಶಗಳನ್ನು, ಅಂದರೆ ಅಲರ್ಜಿಯ ಲಕ್ಷಣ ಹುಟ್ಟಿಸುವ ಕೋಶಗಳನ್ನು, ಕೆರಳಿಸುತ್ತದಾ ಇಲ್ಲವಾ ಅದಕ್ಕೆ ಗೊತ್ತಿಲ್ಲ. ಐಜಿಇ ಇದ್ದರೆ ಮೈ ಆ ಆಹಾರಕ್ಕೆ ಸೆನ್ಸಿಟೈಸ್ ಆಗಿದೆ ಎಂದು ಮಾತ್ರ ಹೇಳಬಹುದು, ಅಂದರೆ ಮೈ ಅದನ್ನು ಗುರುತು ಹಿಡಿದಿದೆ. ಗುರುತು ಹಿಡಿದ ಕೂಡಲೇ ಜಗಳಕ್ಕೆ ಇಳಿಯಬೇಕೆಂದಿಲ್ಲ. ಇಳಿದರೆ ಮಾತ್ರ ಅಲರ್ಜಿ. ನಮ್ಮ ರಾಜ್ಯದಲ್ಲೇ ಇದನ್ನು ಅಳೆದಿದ್ದಾರೆ. ಮೈಸೂರು, ಬೆಂಗಳೂರು ಕಡೆಯ ವಯಸ್ಕರ ಮೇಲೆ ಯೂರೋಪ್ರಿವಾಲ್ ಎಂಬ ಆಹಾರ ಅಲರ್ಜಿಯ ಸಂಶೋಧನಾ ಯೋಜನೆಯಲ್ಲಿ ನಡೆದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. 24 ಆಹಾರಗಳಲ್ಲಿ ಯಾವುದಾದರೂ ಒಂದಕ್ಕೆ ಐಜಿಇ ಇದ್ದವರು ಶೇಕಡಾ 26.5. ತಿಂದಾಗ ತೊಂದರೆಯೂ ಆಗಿ, ಅದೇ ಆಹಾರಕ್ಕೆ ಐಜಿಇಯೂ ಇದ್ದವರು ಶೇಕಡಾ 1.2. ಈ ಎರಡು ಅಂಕಿಗಳ ನಡುವೆ ಎಷ್ಟು ಅಂತರ ನೋಡಿ. ಸುಮ್ನೆ ಪ್ಯಾನೆಲ್ ಮಾಡಿಸಿದವರಲ್ಲಿ ಎಷ್ಟೋ ಜನ ಆ ಅಂತರದೊಳಗೆ ಬೀಳುತ್ತಾರೆ.

ಇನ್ನು ದರ್ಜೆಗಳು. 0.35ಕ್ಕಿಂತ ಕಡಿಮೆ ಸೊನ್ನೆ. 0.7ರವರೆಗೆ ಒಂದು, 3.5ರವರೆಗೆ ಎರಡು, 17.5ರವರೆಗೆ ಮೂರು, 50ರವರೆಗೆ ನಾಲ್ಕು, 100ರವರೆಗೆ ಐದು, ಅದರಾಚೆ ಆರು. ಇದು ಹಿಂದಿನ ಕಾಲದ ಯಂತ್ರಗಳಿಂದ ಬಂದ ಹಂಚಿಕೆ. ಈಗಿನ ಯಂತ್ರ 0.1ರವರೆಗೂ ಅಳೆಯುತ್ತದೆ. ದರ್ಜೆ ಹೇಳುವುದು ಐಜಿಇ ಎಷ್ಟಿದೆ ಎಂಬುದನ್ನು. ತಿಂದರೆ ಎಷ್ಟು ಜೋರಾಗಿ ಆಗುತ್ತದೆ ಎಂಬುದನ್ನಲ್ಲ. ಅಂಕಿ ಏರಿದ ಹಾಗೆ ನಿಜವಾದ ಅಲರ್ಜಿ ಇರುವ ಸಾಧ್ಯತೆ ಏರುತ್ತದೆ, ಅದೂ ಒಂದೊಂದು ಆಹಾರಕ್ಕೆ ಒಂದೊಂದು ರೀತಿ. ಅಮೆರಿಕದ ಮಕ್ಕಳ ಅಲರ್ಜಿ ತಜ್ಞ ಹ್ಯೂ ಸ್ಯಾಂಪ್ಸನ್ 2001ರಲ್ಲಿ ಮೊಟ್ಟೆಗೆ 7, ಶೇಂಗಾಕ್ಕೆ 14, ಹಾಲಿಗೆ 15 ಎಂಬ ಗಡಿಗಳನ್ನು ತೋರಿಸಿದರು. ಅವರು ನೋಡಿದ ಮಕ್ಕಳಲ್ಲಿ ಆ ಗಡಿ ದಾಟಿದ 100ರಲ್ಲಿ 95 ಅಥವಾ ಅದಕ್ಕಿಂತ ಜಾಸ್ತಿ ಮಕ್ಕಳಿಗೆ ನಿಜವಾಗಿ ಅಲರ್ಜಿ ಇತ್ತು. ಪುಟ್ಟನ ಹಾಲು 0.4. ಹದಿನೈದೆಲ್ಲಿ, 0.4 ಎಲ್ಲಿ? ಆದರೆ ಹಾಳೆಯ ಮೇಲೆ ಎರಡೂ ಕೆಂಪೇ.

ಮತ್ತೆ ಅಷ್ಟೊಂದು ಸಾಲು ಕೆಂಪಾದದ್ದು ಯಾಕೆ? ಎಕ್ಸಿಮಾ ಇರುವ ಮಕ್ಕಳಲ್ಲಿ ಒಟ್ಟು ಐಜಿಇ ಜಾಸ್ತಿ ಇರುತ್ತದೆ. ಹಾಗಿರುವಾಗ ಹತ್ತಾರು ಆಹಾರಗಳಿಗೆ ಚೂರುಪಾರು ಅಂಟುವುದು ಸಾಮಾನ್ಯ. ಗಿಡಗಳಲ್ಲೆಲ್ಲ ಒಂದೇ ತರಹದ ಕೆಲವು ಸಕ್ಕರೆಯ ಸರಪಳಿಗಳಿವೆ. ಅದಕ್ಕೆ ಐಜಿಇ ಇದ್ದರೆ ಅಕ್ಕಿ, ಗೋಧಿ, ಟೊಮೆಟೊ, ಕಿತ್ತಳೆ ಎಲ್ಲವೂ ಒಟ್ಟಿಗೆ ಕೆಂಪಾಗುತ್ತವೆ. ತಿಂದರೆ ಏನೂ ಆಗುವುದಿಲ್ಲ.

ದೊಡ್ಡ ಅಂಕಿ, ಸಣ್ಣ ಅಂಕಿ

ಉಳಿದ ಮೂರರಲ್ಲಿ ಸಿಗಡಿಯದ್ದೇ ದೊಡ್ಡ ಅಂಕಿ. ನಾವೆಲ್ಲ ಅದನ್ನೇ ಕಳ್ಳ ಎಂದು ತೀರ್ಮಾನಿಸಿದ್ದೆವು. ಡಾಕ್ಟರು ಕೇಳಿದರು, "ಅದಕ್ಕೆ ಮೊದಲು ಸಿಗಡಿ ಯಾವಾಗ ತಿಂದಿದ್ದ?" ಎರಡು ವಾರ ಮೊದಲು, ಮನೆಯಲ್ಲಿ ಸಿಗಡಿ ಗಸಿ. ಏನೂ ಆಗಿರಲಿಲ್ಲ. "ಬೆಳಿಗ್ಗೆ ಸೀನುವುದುಂಟಾ? ಮಲಗುವುದು ಯಾವ ಹಾಸಿಗೆಯಲ್ಲಿ?" ಹತ್ತಿಯ ಹಾಸಿಗೆ, ಅಜ್ಜಿಯ ಕಾಲದ್ದು.

ಹಾಸಿಗೆಯ ಧೂಳಿನಲ್ಲಿ ಬೆಳೆಯುವ, ಕಣ್ಣಿಗೆ ಕಾಣದಷ್ಟು ಸಣ್ಣ ಧೂಳಿನ ಹುಳದ ಐಜಿಇ ನೋಡಲು ಬರೆದುಕೊಟ್ಟರು. ಬಂದದ್ದು 58, ಐದನೇ ದರ್ಜೆ. ನಾವು ಮಾಡಿಸಿದ ನಲವತ್ತರಲ್ಲಿ ಅದು ಇರಲೇ ಇಲ್ಲ.

ಸಿಗಡಿ, ಏಡಿ, ಧೂಳಿನ ಹುಳ, ಜಿರಲೆ, ಇವೆಲ್ಲ ದೂರದ ನೆಂಟರು. ಎಲ್ಲದರ ಸ್ನಾಯುವಿನಲ್ಲೂ ಟ್ರೊಪೊಮಯೊಸಿನ್ ಎಂಬ ಪ್ರೋಟೀನ್ ಇದೆ, ಹೆಚ್ಚುಕಡಿಮೆ ಒಂದೇ ರೂಪದ್ದು. ಹುಳಕ್ಕೆಂದು ಮೈ ಮಾಡಿದ ಐಜಿಇ ನಮ್ಮ ಯಂತ್ರದಲ್ಲಿ ಸಿಗಡಿಗೂ ಅಂಟಬಹುದು. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ. ಮಳೆಗಾಲ ಮುಗಿದರೂ ಗಾಳಿಯ ತೇವ ಹೋಗುವುದಿಲ್ಲ. ಧೂಳಿನ ಹುಳಕ್ಕೆ ಇದಕ್ಕಿಂತ ಒಳ್ಳೆಯ ಊರು ಬೇಕಾ? ಸಿಗಡಿಯ ಆ 4.2 ಊಟದ ತಟ್ಟೆಯಿಂದ ಬಂದದ್ದೇ ಆಗಬೇಕಿಲ್ಲ. ಹಾಸಿಗೆಯಿಂದಲೂ ಬಂದಿರಬಹುದು. ಆದರೆ ನಿಜವಾದ ಸಿಗಡಿ ಅಲರ್ಜಿಯೂ ಬಹಳ ಸಲ ಇದೇ ಟ್ರೊಪೊಮಯೊಸಿನ್‌ಗೇ ಬರುತ್ತದೆ. ಹಾಗಾಗಿ ಇದು ಯಾವುದು ಎಂದು ರಕ್ತ ನೋಡಿ ಖಚಿತವಾಗಿ ಹೇಳಲಾಗುವುದಿಲ್ಲ. ತಿನ್ನಿಸಿಯೇ ನೋಡಬೇಕು.

ಆಮೇಲೆ ಗೇರುಬೀಜ. "ಅದನ್ನು ಇವನು ತಿನ್ನುವುದೇ ಇಲ್ಲ ಡಾಕ್ಟ್ರೇ" ಎಂದಳು ತಂಗಿ. ಅಷ್ಟು ಹೊತ್ತು ಸುಮ್ಮನಿದ್ದ ಅಜ್ಜಿ ಬಾಯಿ ತೆರೆದರು.

"ಪಾಯಸದಲ್ಲಿ ಸಿಕ್ಕಿದರೆ ಎಲೆಯ ಬದಿಗೆ ತೆಗೆದಿಡ್ತಾನೆ. ಬಾಯಿ ತುರಿಸ್ತದಂತೆ. ನಾವು ಕೊಂಗಾಟ ಅಂತ ಬಿಟ್ಟೆವು."

ಡಾಕ್ಟರ ಪೆನ್ನು ನಿಂತಿತು. "ಯಾವಾಗಿಂದ ಅಮ್ಮ?" ನಾಲ್ಕು ವರ್ಷ ಇದ್ದಾಗಿಂದ. ಒಂದು ದೇವಸ್ಥಾನದ ಊಟದಲ್ಲಿ ಹೆಸರುಬೇಳೆ ಪಾಯಸ ತಿಂದು ವಾಂತಿ ಮಾಡಿದ್ದ, ಮುಖದ ಮೇಲೆ ಕೆಂಪು ಎದ್ದಿತ್ತು. ತುಪ್ಪ ಜಾಸ್ತಿಯಾಯಿತು ಎಂದುಕೊಂಡು ಮರೆತಿದ್ದರು. ಆಮೇಲಿಂದ ಗೇರುಬೀಜ ಕಂಡರೆ ಬದಿಗೆ. ಮಗು ತನ್ನ ಅಲರ್ಜಿಯನ್ನು ತಾನೇ ಕಂಡುಹಿಡಿದು ಮೂರು ವರ್ಷದಿಂದ ನಮಗೆ ಹೇಳುತ್ತಿದ್ದ. ನಾವು ಕೇಳಿಸಿಕೊಂಡಿರಲಿಲ್ಲ.

ಆದರೆ ಮನೆ ಒಕ್ಕಲಿನ ಮರುದಿನ ಪಾಯಸ ಇರಲಿಲ್ಲವಲ್ಲ? ಐಸ್‌ಕ್ರೀಮ್ ಬರೀ ವೆನಿಲ್ಲಾ. ನಾನು ಅಲ್ಲಿಂದಲೇ ಅಡುಗೆಯವರಿಗೆ ಫೋನ್ ಮಾಡಿಸಿದೆ. "ಕುರ್ಮಾಕ್ಕೆ ಎಂತ ಹಾಕಿದ್ದು?" ಅವರು ಸಹಜವಾಗಿ ಹೇಳಿದರು, "ದಪ್ಪ ಬರಬೇಕಲ್ಲ, ಗೇರುಬೀಜ ಅರೆದು ಹಾಕಿದ್ದು." ಅರೆದು ಹಾಕಿದ್ದನ್ನು ಎಲೆಯ ಬದಿಗೆ ಇಡಲು ಯಾವ ಮಗುವಿನಿಂದ ಆಗುತ್ತದೆ?

ಅಲರ್ಜಿ ಮಾತ್ರೆಯನ್ನು ಒಂದು ವಾರ ನಿಲ್ಲಿಸಿ ಚರ್ಮದ ಮೇಲೆ ಚುಚ್ಚಿ ನೋಡುವ ಟೆಸ್ಟ್ ಮಾಡಿದರು. ಈ ಟೆಸ್ಟ್‌ಗೆ ಮಾತ್ರೆ ನಿಲ್ಲಿಸಲೇಬೇಕು, ರಕ್ತದ ಟೆಸ್ಟ್‌ಗೆ ಬೇಕಿಲ್ಲ. ಗೇರುಬೀಜಕ್ಕೆ 8 ಮಿಲಿಮೀಟರ್ ಗುಳ್ಳೆ, ಪಿಸ್ತಾಕ್ಕೆ 6, ಸಿಗಡಿಗೆ 3. ಬಾದಾಮಿ, ಅಕ್ರೋಟಿಗೆ ಏನೂ ಇಲ್ಲ. ಗೇರುಬೀಜದ ಒಂದು ನಿರ್ದಿಷ್ಟ ಪ್ರೋಟೀನಿಗೆ, ಅನಾ ಓ 3 ಎನ್ನುತ್ತಾರೆ, ಬೇರೆಯಾಗಿ ರಕ್ತ ಕಳಿಸಿದೆವು. ಬಂದದ್ದು 1.6. ಅನಾ ಓ 3 ಬೇಯಿಸಿದರೂ, ಹೊಟ್ಟೆಯಲ್ಲಿ ಜೀರ್ಣವಾಗುವಾಗಲೂ ಸುಲಭಕ್ಕೆ ಒಡೆಯುವುದಿಲ್ಲ. ಗೇರುಬೀಜದ ನಿಜವಾದ ಅಲರ್ಜಿಯನ್ನು ಹೇಳುವುದರಲ್ಲಿ ಇದು ಇಡೀ ಬೀಜದ ಟೆಸ್ಟ್‌ಗಿಂತ ಹೆಚ್ಚು ನಂಬಿಕೆಯದ್ದು. 1.9ರಲ್ಲಿ ಹೆಚ್ಚಿನ ಪಾಲು ಇದೇ ಆಗಿತ್ತು. ಎರಡು ಸಲ ಆದ ಘಟನೆ, ಚರ್ಮ, ರಕ್ತ, ಮೂರೂ ಒಂದೇ ಮಾತು ಹೇಳಿದವು. ಗೇರುಬೀಜವನ್ನು ತಿನ್ನಿಸಿ ನೋಡುವ ಅಗತ್ಯ ಇಲ್ಲ ಎಂದರು ಡಾಕ್ಟರು.

4.2 ನಿರಪರಾಧಿ ಇರಬಹುದು, 1.9 ಪ್ರಾಣಕ್ಕೆ ಬರಬಹುದು. ಹದಿನಾಲ್ಕು ವರ್ಷ ಈ ಅಂಕಿಗಳನ್ನು ಟೈಪ್ ಮಾಡಿದ ನನಗೆ ಇದು ಗೊತ್ತಿರಲಿಲ್ಲ.

ಹೇಳದಿದ್ದರೆ ಗೊಂದಲ ಆಗುವ ಇನ್ನೊಂದು ವಿಷಯ. ನಮ್ಮ ಕಡೆ ಗೇರುಬೀಜ ಕಾರ್ಖಾನೆಗೆ ಹೋಗುವ ಹೆಂಗಸರಿಗೆ ಬೀಜ ಒಡೆಯುವಾಗ ಕೈ ಸುಟ್ಟ ಹಾಗೆ ಆಗುತ್ತದೆ. ಅಜ್ಜಿ ಅದನ್ನೂ ಕೇಳಿದರು, "ನನ್ನ ಅಕ್ಕನಿಗೂ ಆಗ್ತಿತ್ತು. ಇವನಿಗೆ ಅಲ್ಲಿಂದ ಬಂದದ್ದಾ?" ಅಲ್ಲ. ಅದು ಸಿಪ್ಪೆಯ ಎಣ್ಣೆ ಚರ್ಮಕ್ಕೆ ತಾಗಿ ಆಗುವುದು. ಅದಕ್ಕೂ ಐಜಿಇಗೂ ಸಂಬಂಧ ಇಲ್ಲ.

ಆರು ಸಿಗಡಿ

ಸಿಗಡಿಯನ್ನು ಆಸ್ಪತ್ರೆಯಲ್ಲಿ ತಿನ್ನಿಸಿ ನೋಡಿದರು. ಇದನ್ನು ಮನೆಯಲ್ಲಿ ಮಾಡಬಾರದು, ದಯವಿಟ್ಟು. ಅಡ್ರಿನಲಿನ್ ಸಿರಿಂಜ್‌ನಲ್ಲಿ ತುಂಬಿ ಪಕ್ಕದಲ್ಲಿ ಇಟ್ಟುಕೊಂಡು, ಮಗು ಆರೋಗ್ಯವಾಗಿರುವ ದಿನ ನೋಡಿ ಮಾಡುವ ಕೆಲಸ ಇದು.

ತಂಗಿ ಬೆಳಿಗ್ಗೆ ತಾಜಾ ಸಿಗಡಿ ತಂದು ಉಪ್ಪು ಮಾತ್ರ ಹಾಕಿ ಬೇಯಿಸಿದಳು. ಮೊದಲು ಅಕ್ಕಿಕಾಳಿನಷ್ಟು ಚೂರು. ಅರ್ಧ ಗಂಟೆ ಕಾದರು. ನಾಡಿ, ಬಿಪಿ, ಉಸಿರು, ಚರ್ಮ ನೋಡಿದರು. ಮತ್ತೆ ಸ್ವಲ್ಪ ದೊಡ್ಡ ಚೂರು. ಮತ್ತೆ ಅರ್ಧ ಗಂಟೆ. ಕಾಲು ಸಿಗಡಿ, ಅರ್ಧ, ಒಂದು, ಕೊನೆಗೆ ಒಟ್ಟಿಗೆ ನಾಲ್ಕು. ಪ್ರತಿ ಸಲವೂ ತಂಗಿ ಅವನ ತುಟಿ ನೋಡುತ್ತಿದ್ದಳು. ನಾನು ಅವಳ ಕೈ ಹಿಡಿದಿದ್ದೆ. ಪುಟ್ಟ ನಾಲ್ಕನೇ ಸಲಕ್ಕೆ, "ದೊಡ್ಡಮ್ಮ, ಉಪ್ಪು ಕಮ್ಮಿ ಆಯ್ತು" ಎಂದ. ಕೊನೆಯ ತುತ್ತಿನ ನಂತರ ಇನ್ನೂ ಎರಡು ಗಂಟೆ ಕೂರಿಸಿದರು. ಏನೂ ಆಗಲಿಲ್ಲ. ಏಡಿಯನ್ನು ಆಮೇಲೊಂದು ದಿನ ಹೀಗೇ ನೋಡಿದರು. ಅದೂ ಸರಿ.

ಹಾಲು, ಗೋಧಿ, ಮೊಟ್ಟೆಯ ಮೊದಲ ತುತ್ತನ್ನೂ ಡಾಕ್ಟರು ಕ್ಲಿನಿಕ್‌ನಲ್ಲೇ ಕೊಡಿಸಿದ್ದರು. ಎಕ್ಸಿಮಾ ಇರುವ ಮಕ್ಕಳು ತಿಂದು ಆರಾಮಾಗಿದ್ದ ಆಹಾರವನ್ನು ಸುಮ್ನೆ ಬಹಳ ದಿನ ಬಿಟ್ಟರೆ, ಇದ್ದ ಸಹನೆಯೇ ಹೋಗಿ ನಿಜವಾದ ಅಲರ್ಜಿ ಶುರುವಾಗಬಹುದಂತೆ. ಅದನ್ನು ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಾಳೆ ನೋಡಿ "ಬಿಡು" ಎಂದವಳು ನಾನಲ್ವಾ?

ಈಗ ಲ್ಯಾಬ್‌ಗೆ ಯಾರಾದರೂ ಬಂದು ಅಲರ್ಜಿ ಪ್ಯಾನೆಲ್ ಎಂದರೆ, ಏನು ತಿಂದಾಗ ಏನಾಯಿತು ಎಂದು ಮೊದಲು ಕೇಳುತ್ತೇನೆ. ಏನೂ ಆಗಿಲ್ಲ, ಸುಮ್ನೆ ನೋಡುವ ಎಂದರೆ, ಡಾಕ್ಟರ ಹತ್ತಿರ ಮಾತಾಡಿ ಬನ್ನಿ ಎನ್ನುತ್ತೇನೆ. ಅದರಿಂದ ಮೇಲಿನವರಿಗೆ ಬೇಸರ ಆದದ್ದೂ ಉಂಟು. ಆದರೂ ಹೇಳುತ್ತೇನೆ. ಸೊನ್ನೆ ಬಂದವರಿಗೂ ಹೇಳುವುದುಂಟು: ತಿಂದಾಗಲೆಲ್ಲ ತೊಂದರೆ ಆಗುತ್ತಿದ್ದರೆ, ರಿಪೋರ್ಟ್ ಖಾಲಿ ಇದೆಯೆಂದು ಧೈರ್ಯ ಮಾಡಬೇಡಿ.

ಪುಟ್ಟ ಬಿಡಬೇಕಾದದ್ದು ಗೇರುಬೀಜ, ಅದರ ಹತ್ತಿರದ ನೆಂಟ ಪಿಸ್ತಾ. ಎರಡರ ಪ್ರೋಟೀನ್ ಬಹಳ ಹೋಲುತ್ತದೆ. ಕೇಳಲು ಸಣ್ಣ ಪಟ್ಟಿ, ನಮ್ಮ ಊರಲ್ಲಿ ಸಣ್ಣದಲ್ಲ. ಗಡ್‌ಬಡ್ ಐಸ್‌ಕ್ರೀಮ್, ಕಾಜು ಬರ್ಫಿ, ಹೋಟೆಲಿನ ದಪ್ಪ ಗ್ರೇವಿ, ಜಾತ್ರೆಯ ಪಾಯಸ. ಪ್ಯಾಕೆಟ್ ತಿಂಡಿಯ ಮೇಲೆ ಬೀಜಗಳ ವಿಷಯ ಬರೆಯಲೇಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮ ಇದೆ. ಬಾಳೆಎಲೆಯ ಮೇಲೆ ಲೇಬಲ್ ಇಲ್ಲವಲ್ಲ. ಹಾಗಾಗಿ ಕೇಳಿಯೇ ತಿನ್ನುತ್ತಾರೆ. ತಂಗಿಯ ಚೀಲದಲ್ಲಿ, ಶಾಲೆಯ ಆಫೀಸಿನಲ್ಲಿ ಅಡ್ರಿನಲಿನ್ ಮತ್ತು ಸಿರಿಂಜ್ ಇವೆ, ಎಷ್ಟು ಗೆರೆಯವರೆಗೆ ಎಂದು ಡಾಕ್ಟರು ಬರೆದುಕೊಟ್ಟ ಚೀಟಿಯ ಜೊತೆ. ಕೊಡುವುದು ಹೇಗೆಂದು ಕ್ಲಾಸ್ ಟೀಚರೂ ಕಲಿತಿದ್ದಾರೆ.

ಒಂದು ವರ್ಷದ ಮೇಲೆ ಮತ್ತೆ ರಕ್ತ ನೋಡಿದೆವು. ಈ ಸಲ ಮೂರೇ ಐಟಂ, ಡಾಕ್ಟರು ಬರೆದದ್ದು. ಧೂಳಿನ ಹುಳ 51. ಗೇರುಬೀಜ 2.4. ಸಿಗಡಿ 4.6, ಮೊದಲಿಗಿಂತ ಜಾಸ್ತಿ. ರಿಪೋರ್ಟ್ ಪ್ರಿಂಟ್ ಆಗುವಾಗ ಸಿಗಡಿಯ ಸಾಲು ಮತ್ತೆ ಕೆಂಪಾಗಿಯೇ ಬಂತು. ನಾನು ತಂಗಿಗೆ ಫೋನ್ ಮಾಡಿದೆ. ಆದಿತ್ಯವಾರ, ಹನ್ನೆರಡೂವರೆ. ಅವಳು ಸುಕ್ಕಕ್ಕೆ ಕಾಯಿ ಹುರಿಯುತ್ತಿದ್ದಳು. ಸಿಗಡಿಯನ್ನು ಪುಟ್ಟನೇ ಸುಲಿಯುತ್ತಿದ್ದಾನೆ ಎಂದಳು.